ಎದುರಿಗೇ ಬೆಟ್ಟ, ಹಾಳೆಯಲ್ಲಿ ತ್ರಿಕೋನ

ಚಿತ್ರಕಲಾ ಸ್ಪರ್ಧೆಯ ಕರಪತ್ರದಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ಡ್ರಾಯಿಂಗ್ ಶೀಟ್ ನಾವೇ ಕೊಡುತ್ತೇವೆ; ಬಣ್ಣ, ಬ್ರಷ್, ಪ್ಯಾಡ್ ನೀವೇ ತನ್ನಿ. ಕೊಡುವ ಶೀಟಿನ ಹಿಂಬದಿಗೆ ಸಂಘಟಕರ ಮೊಹರು, ಒಂದು ನಂಬರು, ಯಾರದೋ ಗೀಚು ಸಹಿ. ಮನೆಯಲ್ಲಿ ಬರೆದದ್ದನ್ನು ತಂದು ಒಪ್ಪಿಸದಿರಲಿ ಎಂದು ಈ ಏರ್ಪಾಟು. ಸ್ಪೇನ್ ದೇಶದ ಸಣ್ಣ ಊರುಗಳಲ್ಲಿ ನಡೆಯುವ ಬಯಲು ಚಿತ್ರಸ್ಪರ್ಧೆಗಳಲ್ಲೂ ಇದೇ ಕ್ರಮ. ಬೆಳಿಗ್ಗೆ ಪುರಸಭೆಯ ಮುಂದೆ ಸಾಲು ನಿಂತು, ಖಾಲಿ ಕ್ಯಾನ್ವಾಸಿನ ಬೆನ್ನಿಗೆ ಠಸ್ಸೆ ಹಾಕಿಸಿಕೊಂಡು, ಊರೊಳಗೆ ಬೇಕಾದ ಕಡೆ ಹೋಗಿ ಕೂತು ಬರೆದು, ಹೊತ್ತು ಮೀರುವುದರೊಳಗೆ ತಂದು ನಿಲ್ಲಿಸಬೇಕು. ಅಮೆರಿಕದ ಮೇರಿಲ್ಯಾಂಡಿನ ಈಸ್ಟನ್ ಪಟ್ಟಣದಲ್ಲಿ 2005ರಿಂದ ಇಂಥದೇ ಒಂದು ದೊಡ್ಡ ಹಬ್ಬ ನಡೆಯುತ್ತಿದೆ. ಅದರಲ್ಲಿ ‘ಕ್ವಿಕ್ ಡ್ರಾ’ ಎಂಬ ಎರಡೇ ಗಂಟೆಯ ಸ್ಪರ್ಧೆಯೂ ಇದೆ. ಬ್ರಿಟನ್ನಿನಲ್ಲಿ ಟಿವಿಯವರು ಇದನ್ನೇ ಕಾರ್ಯಕ್ರಮ ಮಾಡಿ ನಾಲ್ಕು ಗಂಟೆ ಕೊಡುತ್ತಾರೆ. ಹೊರಗೆ ಕೂತು, ಎದುರಿಗಿರುವುದನ್ನು ನೋಡಿ, ಅಲ್ಲೇ ಮುಗಿಸುವ ಈ ಕೆಲಸಕ್ಕೆ ಜಗತ್ತಿನಲ್ಲೆಲ್ಲ ‘ಪ್ಲೆನ್ ಏರ್’ ಎಂಬ ಫ್ರೆಂಚ್ ಹೆಸರು ನಿಂತಿದೆ. ನಮ್ಮ ಕಲಾಶಾಲೆಗಳ ಹುಡುಗರು ‘ಔಟ್‌ಡೋರ್‌ಗೆ ಹೋಗೋಣ’ ಎನ್ನುತ್ತಾರೆ.

ಮೊಹರಿನವರೆಗೆ ಎಲ್ಲ ಒಂದೇ. ಆಮೇಲೆ ದಾರಿ ಬೇರೆಯಾಗುತ್ತದೆ. ಅಲ್ಲಿ ಮೊಹರು ಬಿದ್ದವರು ಹೊರಗೆ ಚದುರುತ್ತಾರೆ, ನಮ್ಮಲ್ಲಿ ಒಳಗೆ ಹೋಗುತ್ತಾರೆ. ಒಂದು ಹಾಲು, ಜಮಖಾನ ಅಥವಾ ಡೆಸ್ಕು, ಮೇಲೆ ಟ್ಯೂಬ್‌ಲೈಟು, ಬೋರ್ಡಿನ ಮೇಲೆ ವಿಷಯ: ‘ನಿಸರ್ಗ’, ಇಲ್ಲವೇ ‘ನಮ್ಮ ಹಳ್ಳಿ’. ಬ್ಯಾನರಿನಲ್ಲಿ ‘ಸ್ಥಳದಲ್ಲೇ ಚಿತ್ರ ಬರೆಯುವ ಸ್ಪರ್ಧೆ’ ಎಂದಿರುತ್ತದೆ. ಆ ಸ್ಥಳವನ್ನು ಮಾತ್ರ ಯಾರೂ ನೋಡುವುದಿಲ್ಲ. ಗಂಟೆ ಹೊಡೆದು ಸ್ವಲ್ಪ ಹೊತ್ತಿಗೇ ಹಾಳೆ ಹಾಳೆಯ ಮೇಲೂ ಒಂದೇ ಚಿತ್ರ ಏಳುತ್ತದೆ. ಎರಡು ತ್ರಿಕೋನ ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಅಂಕುಡೊಂಕಾಗಿ ಇಳಿಯುವ ನದಿ, ಬಲಗಡೆ ಗುಡಿಸಲು, ಎಡಗಡೆ ತೆಂಗಿನಮರ, ಆಕಾಶದಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂಥ ಹಕ್ಕಿಗಳು. ಪ್ರತಿಭಾ ಕಾರಂಜಿಯಾಗಲಿ ಸಂಘ ಸಂಸ್ಥೆಗಳ ವಾರ್ಷಿಕೋತ್ಸವವಾಗಲಿ, ತೀರ್ಪುಗಾರರಾಗಿ ಕೂತವರನ್ನು ಕೇಳಿ ನೋಡಿ. ಆ ಎರಡು ತ್ರಿಕೋನಗಳಿಂದ ತಪ್ಪಿಸಿಕೊಂಡವರಿಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಕ್ಕಳೂ ಇದನ್ನೇ ಬರೆಯುವುದು ಕಂಡರೆ ಸೋಜಿಗವಾಗುತ್ತದೆ. ಬೆಟ್ಟಕ್ಕೆ ಇಲ್ಲಿ ಬರವಿಲ್ಲ. ದೊಡ್ಡಬಳ್ಳಾಪುರದ ಬಯಲಿನಲ್ಲಿ ನಿಂತರೆ ಈಶಾನ್ಯಕ್ಕೆ ನಂದಿ, ಚನ್ನಗಿರಿಯ ಸಾಲು. ಉತ್ತರಕ್ಕೆ ಮಾಕಳಿದುರ್ಗ, ಅದರ ಬುಡದಲ್ಲಿ ರೈಲು ಹಳಿ. ದೇವನಹಳ್ಳಿಯಿಂದ ನೋಡಿದರೆ ಅದೇ ನಂದಿ ನೇರ ಉತ್ತರಕ್ಕೆ ಬರುತ್ತದೆ. ನೆಲಮಂಗಲದ ಕಡೆ ಹೋದರೆ ಶಿವಗಂಗೆ. ಇವುಗಳಲ್ಲಿ ಒಂದೂ ತ್ರಿಕೋನವಾಗಿಲ್ಲ. ಹಿಮನದಿ ಕೊರೆದು ಚೂಪು ಮಾಡಿದ ಆಲ್ಪ್ಸ್, ಹಿಮಾಲಯದ ಶಿಖರಗಳು ಹಾಗಿರುತ್ತವೆ. ನಮ್ಮದು ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಮೇಲಿನ ಮಣ್ಣಿನ ಭಾರ ಕರಗಿದಂತೆಲ್ಲ ಒಳಗಿನ ಬಂಡೆ ಬಿರಿದು, ಬಿಸಿಲು ಮಳೆಗೆ ಸಿಕ್ಕಿ, ಈರುಳ್ಳಿಯ ಹಾಗೆ ಪದರ ಪದರವಾಗಿ ಕಳಚಿಕೊಳ್ಳುತ್ತ ದುಂಡಗಾದ ಗುಡ್ಡಗಳಿವು. ನೆತ್ತಿ ಬೋಳು. ಪಕ್ಕೆಯಲ್ಲಿ ಮಳೆನೀರು ಇಳಿದು ಪಾಚಿ ಹಿಡಿದ ಕಪ್ಪು ಪಟ್ಟೆಗಳು. ಬುಡದಲ್ಲಿ ಉರುಳಿ ನಿಂತ ಗುಂಡುಗಳು, ಅವುಗಳ ಸಂದಿಯಲ್ಲಿ ಕುರುಚಲು ಹಸಿರು. ಇಷ್ಟನ್ನು ಒಂದು ಮಗು ಹಾಳೆಗೆ ಇಳಿಸಿದರೆ ಅದು ದೊಡ್ಡಬಳ್ಳಾಪುರದ ಮಗು ಬರೆದ ಬೆಟ್ಟ ಎಂದು ಬೇರೆ ಊರಿನವರಿಗೂ ತಿಳಿಯುತ್ತದೆ. ತಪ್ಪು ಮಗುವಿನದೆಂದು ನಾನು ಹೇಳಲಾರೆ. ಕಿಟಕಿಯಾಚೆ ನೋಡಿ ಬರಿ ಎಂದು ಅದಕ್ಕೆ ಯಾರೂ ಹೇಳಿಲ್ಲ. ಬಹುಮಾನ ಇಲ್ಲಿಯವರೆಗೆ ತ್ರಿಕೋನಕ್ಕೇ ಬಂದಿದೆ.

ಶಿವಗಂಗೆಯ ಬಗ್ಗೆ ಒಂದು ಹಳೆಯ ಮಾತಿದೆ. ಪೂರ್ವದಿಂದ ನೋಡಿದರೆ ಅದು ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಸರ್ಪ. ಭಕ್ತರ ಮಾತು ನಿಜ, ಆದರೆ ಚಿತ್ರ ಬರೆಯುವವರಿಗೂ ಮೊದಲ ಪಾಠ ಅದರಲ್ಲೇ ಇದೆ. ಕೂರುವ ಜಾಗ ಬದಲಾದರೆ ಬೆಟ್ಟದ ಆಕಾರವೇ ಬದಲಾಗುತ್ತದೆ. ಅನುಭವಸ್ಥರು ಸ್ಪರ್ಧೆಯ ಮೊದಲ ಅರ್ಧ ಗಂಟೆ ಪೆನ್ಸಿಲು ಮುಟ್ಟುವುದಿಲ್ಲ. ಸುತ್ತುತ್ತಾರೆ. ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಚೌಕ ಕತ್ತರಿಸಿಕೊಂಡು ಅದರೊಳಗಿಂದ ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಬಯಲಿನಲ್ಲಿ ನಿಂತವರಿಗೆ ಎಲ್ಲವೂ ಬೇಕೆನಿಸುತ್ತದೆ: ಬೆಟ್ಟ, ಕೆರೆ, ಗುಡಿ, ಹುಣಸೆಮರ, ಕರೆಂಟು ಕಂಬ, ಮೇಯುವ ಎಮ್ಮೆ. ಆ ರಟ್ಟಿನ ಕಿಂಡಿ ಅವನ್ನೆಲ್ಲ ಹೊರಗಿಟ್ಟು ಎರಡು ಮೂರನ್ನು ಉಳಿಸಿಕೊಡುತ್ತದೆ. ಬಿಡುವುದು ಗೊತ್ತಾದ ಮೇಲೆ ಬರೆಯುವುದು ಅಷ್ಟು ಕಷ್ಟವಲ್ಲ. ಕರೆಂಟು ಕಂಬವನ್ನು ಬಿಡಬೇಕೋ ಇಡಬೇಕೋ ಎಂಬುದು ಮಾತ್ರ ಹಳೆಯ ಜಗಳ. ನನ್ನನ್ನು ಕೇಳಿದರೆ ಇಡಿ. ಕಂಬವಿಲ್ಲದ ಹೊಸಕೋಟೆ ಈಗ ಎಲ್ಲೂ ಇಲ್ಲ.

ಜಾಗ ಗೊತ್ತಾದ ಮೇಲೆ ಬೆಳಕಿನ ಪಾಡು. ಬೆಟ್ಟ ಅಲ್ಲಾಡುವುದಿಲ್ಲ, ನೆರಳು ಓಡುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎಡದಿಂದ ಬೆಳಕು ಬೀಳುತ್ತಿದ್ದಾಗ ಶುರು ಮಾಡಿದ ಬಂಡೆಗೆ ಮುಗಿಸುವ ಹೊತ್ತಿಗೆ ಬೆಳಕು ನೆತ್ತಿಯಿಂದ ಬೀಳುತ್ತಿರುತ್ತದೆ. ಕಲಿಯುವವರು ನೆರಳಿನ ಹಿಂದೆಯೇ ಓಡಿ, ಒಂದೇ ಚಿತ್ರದಲ್ಲಿ ಗುಡಿಯ ನೆರಳು ಬಲಕ್ಕೂ ಮರದ ನೆರಳು ಎಡಕ್ಕೂ ಚಾಚಿಬಿಡುತ್ತಾರೆ. ಫ್ರಾನ್ಸಿನ ಚಿತ್ರಕಾರ ಪಿಯರ್ ಆನ್ರಿ ದ ವಲಾನ್ಸಿಯೆನ್ 1800ರಷ್ಟು ಹಿಂದೆಯೇ ತನ್ನ ಪುಸ್ತಕದಲ್ಲಿ ಇದಕ್ಕೆ ಲೆಕ್ಕ ಹೇಳಿದ್ದ: ಹೊರಗೆ ಕೂತು ಮಾಡುವ ಅಭ್ಯಾಸಚಿತ್ರಕ್ಕೆ ಹೆಚ್ಚೆಂದರೆ ಎರಡು ಗಂಟೆ; ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನದಾದರೆ ಅರ್ಧ ಗಂಟೆ ಮೀರಬಾರದು. ಈಸ್ಟನ್ನಿನ ಎರಡು ಗಂಟೆಗೂ ಈ ಎರಡು ಗಂಟೆಗೂ ಸಂಬಂಧ ಇದೆಯೋ ಇಲ್ಲವೋ, ಸ್ಪರ್ಧೆಗೆ ಗಡುವು ಇಡುವುದರ ಹಿಂದೆ ಆತುರಕ್ಕಿಂತ ಸೂರ್ಯನ ಲೆಕ್ಕವೇ ಹೆಚ್ಚು. ಇಡೀ ದಿನ ಕೊಟ್ಟರೆ ಚಿತ್ರ ಉತ್ತಮವಾಗುವುದಿಲ್ಲ, ಹಲವು ಹೊತ್ತುಗಳ ಕಲಸುಮೇಲೋಗರವಾಗುತ್ತದೆ. ಬಲ್ಲವರು ಮಾಡುವುದಿಷ್ಟು. ಕೂತ ಕೂಡಲೇ ಕಣ್ಣು ಕಿರಿದು ಮಾಡಿ ನೋಡಿ, ನೆರಳುಗಳ ಆಕಾರವನ್ನು ಮೊದಲು ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಸೂರ್ಯ ಎಲ್ಲಿಗೆ ಹೋದರೂ ಹಾಳೆಯ ಮೇಲಿನ ಗಂಟೆ ಬದಲಾಗದು.

ಇಲ್ಲೊಂದು ಸ್ಥಳೀಯ ತೊಡಕಿದೆ. ನಾವು ಓದುವ ಚಿತ್ರಕಲೆಯ ಪುಸ್ತಕಗಳು, ಈಗ ನೋಡುವ ಯೂಟ್ಯೂಬ್ ವಿಡಿಯೊಗಳು ಹೆಚ್ಚಾಗಿ ಯುರೋಪು, ಅಮೆರಿಕದವು. ಪ್ಯಾರಿಸ್ಸಿನಲ್ಲಿ ಡಿಸೆಂಬರಿನ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 18 ಡಿಗ್ರಿಯಷ್ಟೇ ಏರಿರುತ್ತಾನೆ. ಅಲ್ಲಿ ದಿನವಿಡೀ ಉದ್ದ ನೆರಳು. ದೇವನಹಳ್ಳಿಯಲ್ಲಿ ಅದೇ ದಿನ ಅದೇ ಹೊತ್ತಿಗೆ ಅವನು 53 ಡಿಗ್ರಿ ಮೇಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ನಡುನೆತ್ತಿಗೇ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಂತೆ ಮಾಡುತ್ತಾನೆ. ಹನ್ನೊಂದರಿಂದ ಮೂರರವರೆಗೆ ನಮ್ಮ ಬಯಲು ಚಪ್ಪಟೆ. ಗುಂಡುಬಂಡೆಗೆ ಗುಂಡುತನ ಇರುವುದಿಲ್ಲ, ಕೋಟೆಯ ಗೋಡೆ ಬರೀ ಬಿಳಿಚಿಕೊಂಡು ನಿಂತಿರುತ್ತದೆ. ಇಲ್ಲಿ ಚಿತ್ರಕಾರನಿಗೆ ಹೊತ್ತು ಎರಡೇ. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ಮೂರೂವರೆಯಿಂದ ಆರು. ಸಂಜೆಯದು ಇನ್ನೂ ಮೋಸ, ಏಕೆಂದರೆ ಸೂರ್ಯ ಮುಳುಗಿದರೆ ನಮ್ಮಲ್ಲಿ ಮಬ್ಬು ಬಹಳ ಹೊತ್ತು ನಿಲ್ಲುವುದಿಲ್ಲ. ಈಗ ನಮ್ಮ ಸ್ಪರ್ಧೆಗಳ ವೇಳಾಪಟ್ಟಿ ನೋಡಿ. ಹತ್ತಕ್ಕೆ ಎಂದು ಅಚ್ಚು ಹಾಕಿಸಿರುತ್ತಾರೆ. ದೀಪ ಹಚ್ಚಿ, ಪ್ರಾರ್ಥನೆ, ಸ್ವಾಗತ, ಅತಿಥಿಗಳ ಮಾತು, ಹಾರ, ಶಾಲು ಮುಗಿದು ಮಕ್ಕಳ ಕೈಗೆ ಶೀಟು ಬರುವಾಗ ಹನ್ನೊಂದು ದಾಟಿರುತ್ತದೆ. ಹೊರಗೆ ಕೂರಿಸುವ ಮನಸ್ಸಿದ್ದರೂ ಆಗ ಕೂರಿಸುವಂತಿಲ್ಲ. ಭಾಷಣವನ್ನು ಬಹುಮಾನದ ಹೊತ್ತಿಗೆ ಇಟ್ಟುಕೊಂಡು ಬೆಳಿಗ್ಗೆ ಏಳಕ್ಕೇ ಶೀಟು ಹಂಚಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಬಯಲಿನಲ್ಲಿ ಕೂತವರಿಗೆ ಬಣ್ಣವೂ ಆಟ ಆಡಿಸುತ್ತದೆ. ಬಿಳಿ ಹಾಳೆಯನ್ನು ನೇರ ಬಿಸಿಲಿಗೆ ಹಿಡಿದರೆ ಕಣ್ಣು ಕೋರೈಸಿ, ಹಾಕಿದ ಬಣ್ಣವೆಲ್ಲ ತೆಳು ಎನಿಸುತ್ತದೆ. ಇನ್ನಷ್ಟು ಗಾಢ, ಇನ್ನಷ್ಟು ಗಾಢ ಎಂದು ಹಚ್ಚುತ್ತ ಹೋಗಿ, ಕೊನೆಗೆ ಒಳಗೆ ತಂದು ನೋಡಿದರೆ ಚಿತ್ರ ಕಪ್ಪಿಟ್ಟಿರುತ್ತದೆ. ಆದ್ದರಿಂದ ಹಾಳೆಯೂ ಬಣ್ಣದ ತಟ್ಟೆಯೂ ಎರಡೂ ನೆರಳಿನಲ್ಲಿರಬೇಕು. ಕೊಡೆ ಹಿಡಿಯುವುದಾದರೆ ಅಜ್ಜಂದಿರು ಹಿಡಿಯುತ್ತಿದ್ದ ಕರಿ ಕೊಡೆಯೇ ಮೇಲು. ಅಂಗಡಿಯವರು ಹಂಚುವ ಕೆಂಪು ಹಳದಿ ಜಾಹೀರಾತಿನ ಕೊಡೆಯ ಕೆಳಗೆ ಕೂತರೆ ಆ ಬಣ್ಣ ಇಡೀ ಹಾಳೆಗೆ ಬಡಿದು ಲೆಕ್ಕ ತಪ್ಪಿಸುತ್ತದೆ. ಜಲವರ್ಣದವರಿಗೆ ಮಾರ್ಚಿನ ಗಾಳಿ ಶತ್ರು. ಆಕಾಶಕ್ಕೆ ಹಚ್ಚಿದ ನೀಲಿ ಕೆಳಗೆ ಇಳಿಯುವುದರೊಳಗೆ ಮೇಲೆ ಒಣಗಿ ಗೆರೆ ಕಟ್ಟಿಬಿಡುತ್ತದೆ. ಹಾಳೆಯ ಹಿಂಬದಿಯನ್ನೂ ನೆನೆಸಿ ಪ್ಯಾಡಿಗೆ ಅಂಟಿಸಿಕೊಳ್ಳುವುದು, ನೀರಿಗೆ ಎರಡು ಹನಿ ಗ್ಲಿಸರಿನ್ ಬೆರೆಸುವುದು ಇದಕ್ಕೆ ಮಾಡಿಕೊಂಡ ಉಪಾಯಗಳು. ಡಿಸೆಂಬರಿನ ಮಂಜಿನಲ್ಲಿ ತದ್ವಿರುದ್ಧ. ಒಂದು ಪದರ ಒಣಗಲು ಕಾದು ಕಾದು ಗಡುವೇ ಮುಗಿಯುತ್ತದೆ. ತೈಲವರ್ಣದವರಿಗೆ ಒಣಗದ ಚಿತ್ರವನ್ನು ಬಸ್ಸಿನಲ್ಲಿ ಮನೆಗೆ ಒಯ್ಯುವುದೇ ಪ್ರಯಾಸ. ಮಕ್ಕಳ ಆಯಿಲ್ ಪೇಸ್ಟಲ್ಲಿಗೆ ಇದ್ಯಾವುದರ ತಾಪತ್ರಯವಿಲ್ಲ, ಬೇಸಿಗೆಯಲ್ಲಿ ಕೈಗೆ ಮೆತ್ತಿಕೊಳ್ಳುತ್ತದೆ ಅಷ್ಟೇ.

ಹಸಿರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಡಬ್ಬಿಯಲ್ಲಿ ಎರಡು ಹಸಿರು ಇರುತ್ತವೆ, ತಿಳಿ ಮತ್ತು ದಟ್ಟ. ಜಿಲ್ಲೆಯಲ್ಲಿ ಹಾಗಿಲ್ಲ. ನೀಲಗಿರಿ ತೋಪಿನ ಹಸಿರಿನಲ್ಲಿ ಬೂದಿ ಬೆರೆತಿದೆ. ಹೊಂಗೆ ಚಿಗುರಿದಾಗ ಹಳದಿಗೆ ಹತ್ತಿರ. ಹುಣಸೆ ಮಸುಕು, ಹಲಸು ಕಪ್ಪು ಹಸಿರು, ದ್ರಾಕ್ಷಿ ಚಪ್ಪರ ಇನ್ನೊಂದು, ತೆನೆ ಕಟ್ಟಿದ ರಾಗಿ ಹೊಲ ಹಸಿರು ಬಿಟ್ಟು ಕಂದಿಗೆ ತಿರುಗುವ ಹಾದಿಯಲ್ಲಿರುತ್ತದೆ. ಇವೆಲ್ಲ ಕೆಂಪು ಮಣ್ಣಿನ ಪಕ್ಕದಲ್ಲಿ ನಿಂತಾಗ ಇನ್ನೂ ಬೇರೆಯಾಗಿ ಕಾಣುತ್ತವೆ. ಡಬ್ಬಿಯ ಹಸಿರಿಗೆ ಚಿಟಿಕೆ ಕಾವಿ ಬಣ್ಣ ಬೆರೆಸಿ ನೋಡಿ, ನಮ್ಮ ಕಡೆಯ ಗಿಡ ಬಂದುಬಿಡುತ್ತದೆ. ದೂರದ ನಂದಿ ಸಾಲು ನೀಲಿಯಾಗಿ ಕಾಣುವುದಕ್ಕೆ ಕಾರಣ ನಡುವಿನ ಗಾಳಿ. ಅದು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ. ಬೆಟ್ಟ ದೂರವಾದಷ್ಟೂ ಗಾಳಿಯ ಪರದೆ ದಪ್ಪ, ಬಣ್ಣ ತೆಳು. ಹತ್ತಿರದ ಗುಡ್ಡ, ಅದರ ಹಿಂದಿನ ಗುಡ್ಡ, ಅದರ ಹಿಂದಿನದು ಎಂದು ಮೂರು ಮೆಟ್ಟಿಲು ತಿಳಿಗೊಳಿಸುತ್ತ ಹೋದರೆ ಬಯಲಿನ ಆಳ ತಾನಾಗಿ ಬರುತ್ತದೆ. ಮಂಜಿನಲ್ಲಿ ಬೆಟ್ಟ ಕರಗುವುದನ್ನು ನಮ್ಮವರು ಹೇಗೆ ಬರೆದಿದ್ದಾರೆಂದು ನೋಡಬೇಕಾದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋಗಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಈ ಬಯಲನ್ನು ಬಯಲಲ್ಲೇ ಕೂತು ಬರೆದ ಹಳಬರಲ್ಲಿ ಸೈನ್ಯದ ಜತೆ ಬಂದವರಿದ್ದಾರೆ. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡಿನೊಂದಿಗೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. 1791ರಲ್ಲಿ ಆ ದಂಡು ಬೆಂಗಳೂರು, ದೇವನಹಳ್ಳಿ, ನಂದಿದುರ್ಗಗಳನ್ನು ಹಿಡಿಯಿತು. ಬೆಂಗಳೂರು, ಸಾವನದುರ್ಗದ ನೋಟಗಳೆಲ್ಲ ಸೇರಿದ ಹೋಮನ ಪುಸ್ತಕ 1794ರಲ್ಲಿ ಅಚ್ಚಾಯಿತು. ಕೋಟೆಯನ್ನು ಯಾವ ಕಡೆಯಿಂದ ಹತ್ತಬಹುದೆಂದು ಎಂಜಿನಿಯರುಗಳು ಗೆರೆ ಎಳೆಯುತ್ತಿದ್ದ ಜಾಗದಲ್ಲೇ ಇವನೂ ಗೆರೆ ಎಳೆದ. ಆ ಚಿತ್ರಗಳಲ್ಲಿ ಬೆಟ್ಟ ಭಯ ಹುಟ್ಟಿಸುವಷ್ಟು ಕಡಿದಾಗಿರುವುದಕ್ಕೆ ಗೆದ್ದವರ ಹೆಮ್ಮೆಯೂ ಸ್ವಲ್ಪ ಕಾರಣವಿರಬೇಕು.

ಆದರೆ ಈ ಮಣ್ಣಿನಲ್ಲೇ ಹುಟ್ಟಿ ಬಯಲಿಗೆ ಕುಂಚ ಒಯ್ದವರು ಬೇರೆ ಇದ್ದಾರೆ. ರುಮಾಲೆ ಚನ್ನಬಸವಯ್ಯ 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದರು. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು 1919ರಲ್ಲಿ ಸ್ಥಾಪಿಸಿದ್ದ ಕಲಾಮಂದಿರದಲ್ಲೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲೂ ಕಲಿತರು. ಅಷ್ಟರಲ್ಲಿ ಗಾಂಧಿ ಕರೆದರು. ಸೇವಾದಳ, ಚಳವಳಿ, ಜೈಲು, ಸ್ವಾತಂತ್ರ್ಯ ಬಂದ ಮೇಲೆ ವಿಧಾನ ಪರಿಷತ್ತು, ಹೀಗೆ ವರ್ಷಗಳು ಕಳೆದವು. ಐವತ್ತು ದಾಟಿದ ಮೇಲೆ, 1960ರ ದಶಕದ ಆರಂಭದಲ್ಲಿ, ರಾಜಕೀಯ ಬಿಟ್ಟು ಮತ್ತೆ ಚಿತ್ರಕ್ಕೆ ಕೂತರು. ಆಮೇಲೆ 1988ರಲ್ಲಿ ತೀರಿಕೊಳ್ಳುವವರೆಗೂ ಅವರ ಮುಖ್ಯ ಕೆಲಸ ಮರದ ಎದುರು ಕೂರುವುದೇ ಆಗಿತ್ತು. ಬೆಂಗಳೂರಿನ ರಸ್ತೆ ಬದಿಯ ಗುಲ್‌ಮೊಹರ್, ಜಕರಂಡ, ಟಬೂಬಿಯ ಹೂ ಬಿಟ್ಟಾಗ ಹೇಗಿರುತ್ತಿದ್ದವು ಎಂದು ಇವತ್ತಿನವರಿಗೆ ತೋರಿಸಬೇಕಾದರೆ ಫೋಟೊಗಿಂತ ರುಮಾಲೆಯವರ ಚಿತ್ರಗಳೇ ಬೇಕು. ಹತ್ತಿರ ಹೋದರೆ ದಪ್ಪ ಗೆರೆಗಳು, ಚುಕ್ಕೆಗಳು. ಎಲೆ ಎಲ್ಲಿ, ಹೂ ಎಲ್ಲಿ ತಿಳಿಯದು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಿಸಿಲು ಬಿದ್ದ ಮರ. ಮರ ಯಾವುದೆಂಬುದಷ್ಟೇ ಅಲ್ಲ, ಬೆಳಿಗ್ಗೆಯೋ ಸಂಜೆಯೋ ಎಂಬುದೂ ಅದರಲ್ಲಿರುತ್ತದೆ. ಆ ವಯಸ್ಸಿನಲ್ಲಿ ಒಬ್ಬರು ಹೊಸದಾಗಿ ಶುರು ಮಾಡಿ ಈ ಕೈ ಸಂಪಾದಿಸಿದರೆಂದರೆ ನಂಬುವುದು ಕಷ್ಟ. ದಿನವೂ ಹೊರಗೆ ಹೋದರು ಎಂಬುದನ್ನು ಬಿಟ್ಟರೆ ನನಗೆ ಬೇರೆ ವಿವರಣೆ ತೋಚುವುದಿಲ್ಲ. ಗ್ರಾಮಾಂತರ ಜಿಲ್ಲೆಯಲ್ಲಿ ಬಯಲು ಚಿತ್ರಸ್ಪರ್ಧೆಗೆ ಒಂದು ಹೆಸರು ಇಡಬೇಕೆಂದರೆ ಹುಡುಕಿಕೊಂಡು ಬೇರೆ ಊರಿಗೆ ಹೋಗಬೇಕಾಗಿಲ್ಲ.

ಎಲ್ಲ ಕಡೆಯ ತೈಲವರ್ಣದ ಚಿತ್ರಕಾರರೂ ಬಯಲಿಗೆ ಬರಲು ಒಂದು ಸಣ್ಣ ವಸ್ತು ಕಾರಣವಾಯಿತು. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತಗಡಿನ ಬಣ್ಣದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಅರೆದ ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ತುಂಬಿ ಒಯ್ಯುತ್ತಿದ್ದರು; ಒಂದೊಂದು ಸಲ ಒಡೆದು ಬಟ್ಟೆಯೆಲ್ಲ ಬಣ್ಣವಾಗುತ್ತಿತ್ತು. ಟ್ಯೂಬು ಬಂದ ಮೇಲೆ ಬಣ್ಣವನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗುವಂತಾಯಿತು.

ನಮ್ಮ ಜಿಲ್ಲೆಯಲ್ಲಿ ಹೊರಗೆ ಕೂತು ಬರೆಯುವವರಿಗೆ ಬೇರೆಲ್ಲೂ ಇಲ್ಲದ ಒಂದು ಅನುಭವ ಆಗುತ್ತದೆ. ದೇವನಹಳ್ಳಿ ಕಡೆಯ ಹೊಲದ ಬದುವಿನಲ್ಲಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲು ಅಡ್ಡ ಹಿಡಿದು ದೂರ ನೋಡಿದಿರೋ, ಕ್ಷಣದಲ್ಲಿ ಯಾರಾದರೂ ಬಂದು ನಿಲ್ಲುತ್ತಾರೆ. “ಏನ್ ಸಾರ್, ಸರ್ವೆನಾ?” ಚಿತ್ರ ಬರೆಯಲು ಎಂದರೆ ಮೊದಲು ನಂಬುವುದಿಲ್ಲ. ಹಾಳೆಯಲ್ಲಿ ತಮ್ಮ ಹುಣಸೆಮರ ಕಂಡ ಮೇಲೆ ಮುಖ ಸಡಿಲವಾಗುತ್ತದೆ. “ಪಕ್ಕದಲ್ಲಿ ಪಂಪ್‌ಸೆಟ್ ಮನೆ ಐತಲ್ಲ, ಅದನ್ಯಾಕ್ ಬಿಟ್ರಿ?” ಎಂದು ವಿಮರ್ಶೆಯೂ ಶುರುವಾಗುತ್ತದೆ. ಆ ಮೊದಲ ಪ್ರಶ್ನೆ ತಮಾಷೆಯದಲ್ಲ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಈ ಕಡೆಗೆ ಸ್ಟ್ಯಾಂಡು ಹೊತ್ತು ಬಂದವರೆಲ್ಲ ಅಳೆಯುವುದಕ್ಕೇ ಬಂದವರು. ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳ 1,777 ಎಕರೆಯ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಆ ಹೊಲಗಳು ಸದ್ಯಕ್ಕೆ ಹೊಲಗಳಾಗಿ ಇವೆ. ರಸ್ತೆಯಾಚೆಯವು ಎಷ್ಟೋ ಲೇಔಟುಗಳಾಗಿವೆ.

ಫ್ರಾನ್ಸಿನ ಕ್ಲೋದ್ ಮೊನೆ 1891ರಲ್ಲಿ ಹೊಳೆ ದಂಡೆಯ ಪಾಪ್ಲರ್ ಮರಗಳ ಸಾಲನ್ನು ಒಂದಾದ ಮೇಲೊಂದು ಕ್ಯಾನ್ವಾಸಿನಲ್ಲಿ ಬರೆಯುತ್ತಿದ್ದಾಗ, ಆ ಊರಿನವರು ಮರಗಳನ್ನು ಹರಾಜಿಗೆ ಇಟ್ಟರು. ಮೊನೆ ಮರದ ವ್ಯಾಪಾರಿಯೊಂದಿಗೆ ಮಾತಾಡಿ, ತನ್ನ ಕೈಯಿಂದ ಹಣ ಸೇರಿಸಿ, ಕೆಲವು ತಿಂಗಳು ಕಡಿಯದಂತೆ ನಿಲ್ಲಿಸಿದ. ಚಿತ್ರಗಳು ಮುಗಿದ ಮೇಲೆ ಮರಗಳು ಉರುಳಿದವು. ಕಲಾ ಇತಿಹಾಸದಲ್ಲಿ ಇದನ್ನು ರಂಜನೆಯಾಗಿ ಹೇಳುತ್ತಾರೆ. ನಮ್ಮಲ್ಲಿ ಯಾವ ಚಿತ್ರಕಾರನ ಜೇಬೂ ಎಕರೆಯ ಈಗಿನ ಬೆಲೆಗೆ ಸಾಲದು. ಆದರೆ ಸೈಟು ಆಗುವ ಮೊದಲು ಒಂದು ಬೆಳಿಗ್ಗೆ ಕೂತು ಬರೆದಿಡಲು ಯಾರ ಅನುಮತಿಯೂ ಬೇಡ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ 1821, 1822ರಲ್ಲಿ ಹ್ಯಾಂಪ್‌ಸ್ಟೆಡ್ಡಿನ ಗುಡ್ಡದ ಮೇಲಿನ ಮೋಡಗಳನ್ನು ಬರೆದು ಹಿಂಬದಿಗೆ ತಾರೀಕು, ಹೊತ್ತು, ಗಾಳಿ ಬೀಸಿದ ದಿಕ್ಕು ಗುರುತು ಹಾಕುತ್ತಿದ್ದ. ನಮ್ಮ ಮಕ್ಕಳೂ ಊರಿನ ಹೆಸರು, ದಿನ, ಗಂಟೆ, ಯಾವ ದಿಕ್ಕಿಗೆ ಮುಖ ಮಾಡಿ ಕೂತಿದ್ದರು ಎಂಬುದನ್ನು ಬರೆದರೆ ಸಾಕು. ಅದು ಸ್ಪರ್ಧೆಯ ಹಾಳೆಯ ಜತೆಗೆ ಆ ಜಾಗದ ದಾಖಲೆಯೂ ಆಗುತ್ತದೆ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಹೋದರೆ ವಾರಾಣಸಿಯ ಘಟ್ಟಗಳು, ಕೇರಳದ ಹಿನ್ನೀರು ಧಾರಾಳವಾಗಿ ಸಿಗುತ್ತವೆ. ನಮ್ಮದೇ ಜಿಲ್ಲೆಯ ಗುಂಡಮಗೆರೆ ಕೆರೆಯನ್ನು ಹುಡುಕಬೇಕು.

ತೀರ್ಪಿನ ವಿಷಯಕ್ಕೆ ಬರೋಣ, ಏಕೆಂದರೆ ಜಗಳ ಹುಟ್ಟುವುದು ಅಲ್ಲಿ. ಬಯಲು ಸ್ಪರ್ಧೆಯಲ್ಲಿ ಫೋಟೊ ನೋಡಿ ಬರೆಯುವಂತಿಲ್ಲ. ಮೊಬೈಲು ಚೀಲದಲ್ಲೇ ಇರಬೇಕು. ಮೊಬೈಲ್ ಕ್ಯಾಮೆರಾ ನೆರಳನ್ನು ಕಪ್ಪು ಮಾಡುತ್ತದೆ, ಆಕಾಶವನ್ನು ಬಿಳಿ ಮಾಡುತ್ತದೆ, ಬೆಟ್ಟವನ್ನು ದೂರ ತಳ್ಳಿ ಕುಳ್ಳಗೆ ಮಾಡುತ್ತದೆ. ಫೋಟೊ ನೋಡಿ ಬರೆದ ಚಿತ್ರ ಈ ಮೂರರಿಂದಲೇ ಸಿಕ್ಕಿಬೀಳುತ್ತದೆ. ಕಣ್ಣಿಗೆ ನೆರಳಿನೊಳಗೂ ಬಣ್ಣ ಕಾಣುತ್ತದೆ. ಕೆಂಪು ಮಣ್ಣಿನ ಮೇಲಿನ ಬೆಳಗಿನ ನೆರಳು ನೇರಳೆಗೆ ತಿರುಗಿರುತ್ತದೆ, ಅದನ್ನು ಹಿಡಿದವರು ಅಲ್ಲೇ ಕೂತಿದ್ದರೆಂದು ನಂಬಬಹುದು. ಒಳ್ಳೆಯ ತೀರ್ಪುಗಾರರು ಎಷ್ಟು ‘ತದ್ರೂಪ’ ಎಂದು ನೋಡುವುದಿಲ್ಲ. ಬೆಳಕು ಒಂದೇ ಕಡೆಯಿಂದ ಬಿದ್ದಿದೆಯೇ, ಕತ್ತಲೆ ಬೆಳಕಿನ ಹಂಚಿಕೆ ದೂರದಿಂದಲೇ ಕಣ್ಣು ಸೆಳೆಯುತ್ತದೆಯೇ, ಬೇಡದ್ದನ್ನು ಬಿಡುವ ಧೈರ್ಯ ಇದೆಯೇ ಎಂದು ನೋಡುತ್ತಾರೆ. ಒಂದು ಮೂಲೆ ಖಾಲಿ ಉಳಿದರೂ ಪರವಾಗಿಲ್ಲ. ಎಲ್ಲ ಇಂಚನ್ನೂ ತುಂಬಿ, ಸುತ್ತ ಬಾರ್ಡರ್ ಎಳೆದು, ಕೆಳಗೆ ‘ಪರಿಸರ ಉಳಿಸಿ’ ಎಂದು ಬರೆದ ಹಾಳೆಗೆ ಮೊದಲ ಬಹುಮಾನ ಕೊಟ್ಟ ಕಡೆ ಮುಂದಿನ ವರ್ಷ ಎಲ್ಲರೂ ಬಾರ್ಡರ್ ಎಳೆದುಕೊಂಡು ಬರುತ್ತಾರೆ. ಅಪ್ಪ ಅಮ್ಮಂದಿರನ್ನು ಹಗ್ಗದಾಚೆ ನಿಲ್ಲಿಸುವುದೂ ಅಗತ್ಯ. ಮಗುವಿನ ಕುಂಚವನ್ನು ತಾವೇ ಕಿತ್ತುಕೊಂಡು ‘ಹೀಗಲ್ಲ ಪುಟ್ಟ’ ಎನ್ನುವವರು ಹೊರಗೂ ಇರುತ್ತಾರೆ.

ಎಲ್ಲಿ, ಯಾವಾಗ ಎಂದು ಕೇಳುವವರಿಗೆ: ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು. ರಾಗಿ ಕೊಯ್ಲಾಗಿ ಮೆದೆ ಒಟ್ಟಿರುತ್ತಾರೆ, ಬಿಸಿಲು ಓರೆಯಾಗಿ ಬೀಳುತ್ತದೆ, ಬೆಳಗಿನ ಮಂಜು ಬೆಟ್ಟಗಳನ್ನು ತಾನೇ ಬೇರೆ ಬೇರೆ ಮಾಡಿ ಕೊಡುತ್ತದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಈ ಕಾಲದಲ್ಲೇ ಬರುತ್ತದೆ. ಅಲ್ಲಾಡುವ ಎತ್ತನ್ನು ಬರೆದು ಗೆದ್ದವರಿಗೆ ನಿಂತ ಬೆಟ್ಟ ಸುಲಭ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದದ್ದು. ಟೊಳ್ಳು ಬಿದ್ದ, ತಿರುಚಿಕೊಂಡ ಆ ಹಳೆಯ ಬೊಡ್ಡೆಗಳನ್ನು ಎದುರಿಗಿಟ್ಟುಕೊಂಡು ಯಾರೂ ಪುಸ್ತಕದ ಮರ ಬರೆಯಲಾರರು. ತೋಪಿನೊಳಗೆ ನೆರಳಿರುವುದರಿಂದ ಹತ್ತು ಗಂಟೆಯ ನಂತರವೂ ಕೂರಬಹುದು. ಹೊಸಕೋಟೆಯ ಕೆರೆ ಏರಿ ಸಂಜೆಗೆ, ದೇವನಹಳ್ಳಿ ಕೋಟೆಯ ಗೋಡೆ ಬೆಳಿಗ್ಗೆಗೆ. ಕೋಟೆಯಲ್ಲಿ ಜನ ಸೇರುತ್ತಾರೆ, ನಾಚುವ ಮಕ್ಕಳನ್ನು ಮೊದಲ ಸಲಕ್ಕೆ ಅಲ್ಲಿಗೆ ಕರೆದೊಯ್ಯಬೇಡಿ. ಒಬ್ಬರೇ ಹೋಗಲು ಅಂಜಿಕೆಯಾದವರಿಗೆ ಬೆಂಗಳೂರಿನ ಪೆನ್ಸಿಲ್‌ಜಾಮ್‌ನಂಥ ಗುಂಪುಗಳಿವೆ, ವಾರಾಂತ್ಯದಲ್ಲಿ ಒಂದು ಜಾಗ ಗೊತ್ತು ಮಾಡಿಕೊಂಡು ಒಟ್ಟಿಗೆ ಕೂತು ಬರೆಯುವವರು. ಅವರಲ್ಲಿ ಸ್ಪರ್ಧೆ ಇಲ್ಲ, ಕೊನೆಗೆ ಎಲ್ಲರ ಪುಸ್ತಕಗಳನ್ನೂ ನೆಲಕ್ಕೆ ಹರಡಿ ನೋಡುವುದಷ್ಟೇ.

ಬಹುಮಾನವಾಗಿ ಏನು ಕೊಡಬೇಕು ಎಂಬುದರಲ್ಲಿ ಸ್ಪೇನಿನವರ ಒಂದು ಪದ್ಧತಿ ನಮಗೆ ಹಿಡಿಸುವಂತಿದೆ. ಅಲ್ಲಿ ಎಷ್ಟೋ ಊರುಗಳಲ್ಲಿ ಬಹುಮಾನದ ಹಣ ಚಿತ್ರದ ಬೆಲೆಯೂ ಹೌದು. ಗೆದ್ದ ಚಿತ್ರ ಪುರಸಭೆಯ ಸ್ವತ್ತಾಗುತ್ತದೆ. ವರ್ಷಕ್ಕೆ ಎರಡೋ ಮೂರೋ ಚಿತ್ರ ಎಂದರೂ ಇಪ್ಪತ್ತು ವರ್ಷಕ್ಕೆ ಊರಿನ ಚಿತ್ರಗಳ ಒಂದು ಸಂಗ್ರಹವೇ ಆಗುತ್ತದೆ. ಇಲ್ಲಿ ಗ್ರಾಮ ಪಂಚಾಯಿತಿಯೋ ತಾಲ್ಲೂಕು ಕಚೇರಿಯೋ ಹೀಗೆ ಕೊಳ್ಳಲು ಮನಸ್ಸು ಮಾಡಿದರೆ, ಮಿಂಚುವ ಪ್ಲಾಸ್ಟಿಕ್ ಕಪ್ಪಿಗೆ ಹಾಕುವ ದುಡ್ಡನ್ನು ಚೌಕಟ್ಟಿಗೆ ಹಾಕಬಹುದು. ಗಾಜು ಕಡ್ಡಾಯ, ಗಾಜಿಗೂ ಹಾಳೆಗೂ ನಡುವೆ ರಟ್ಟಿನ ಅಂಚು ಇರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಬಣ್ಣ ಗಾಜಿಗೆ ಅಂಟುತ್ತದೆ. ಮಕ್ಕಳು ಬಳಸುವ ಅಗ್ಗದ ಪೋಸ್ಟರ್ ಕಲರು, ಸ್ಕೆಚ್ ಪೆನ್ನುಗಳ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಹಾಗಾಗಿ ಕಿಟಕಿಯ ಎದುರಿನ ಗೋಡೆ ಬೇಡ. ತಹಶೀಲ್ದಾರರ ಕೋಣೆಗಿಂತ ಪಹಣಿಗೆ ಜನ ಸಾಲು ನಿಲ್ಲುವ ಕೌಂಟರಿನ ಪಕ್ಕದ ಗೋಡೆ ಒಳ್ಳೆಯದು. ಅಲ್ಲಿ ನಿಂತು ನೋಡಲು ಎಲ್ಲರಿಗೂ ಬೇಕಾದಷ್ಟು ಹೊತ್ತು ಸಿಗುತ್ತದೆ.